ಮೂರೂಕಾಲಿನ ಕಂಪ್ಲಿ ಬಸ್ಸು

ನಿಮ್ಮ ಮನೆಯ ಹಿರಿಯರ ಹತ್ತಿರವೂ ಒಂದು ಎಲೆ ಅಡಿಕೆಯ ಸಂಚಿ ಇದ್ದಿರಬೇಕು. ಬಿಚ್ಚಿದರೆ ಮೊಳದುದ್ದ, ಸುತ್ತಿದರೆ ಮುಷ್ಟಿಯಷ್ಟು. ನನ್ನ ಮುಂದಿರುವುದು ನಮ್ಮ ಅಜ್ಜಿಯದು. ಹರಿದ ಕಡೆ ಕೆಂಪು ಖಣದ ತೇಪೆ ಹಾಕಿದೆ. ಅದಕ್ಕೆ ಐದು ಜೇಬು. ಮೊದಲನೆಯದರಲ್ಲಿ ಒಣಗಿ ಪುಡಿಯಾದ ಎಲೆ, ಎರಡನೆಯದರಲ್ಲಿ ಮೂರು ಅಡಿಕೆ ಹೋಳು, ಮೂರನೆಯದರಲ್ಲಿ ಸುಣ್ಣದ ಡಬ್ಬಿ, ನಾಲ್ಕನೆಯದರಲ್ಲಿ ವಿಭೂತಿಯ ತುಂಡು. ಐದನೆಯದರಲ್ಲಿ ಬಸ್ ಟಿಕೆಟ್ಟುಗಳು, ಅರವತ್ತೈದು. ಎರಡು ಸಲ ಎಣಿಸಿದ್ದೇನೆ.

ನನ್ನ ದಿನಚರಿಯ ಪ್ರಕಾರ ಅವು ಮೂವತ್ತಾರಕ್ಕಿಂತ ಹೆಚ್ಚು ಇರಬಾರದು.

ಎರಡು ಸಲ ಎಣಿಸುವುದು ನನ್ನ ಚಾಳಿ. ಸಂಡೂರಿನ ಕಡೆಯ ಒಂದು ವೇ ಬ್ರಿಡ್ಜಿನಲ್ಲಿ ಕೂತು ಅದಿರಿನ ಲಾರಿಗಳ ತೂಕ ಬರೆದುಕೊಳ್ಳುವುದು ಈಗ ನನ್ನ ಕೆಲಸ. ಕಂಪ್ಯೂಟರೇ ತೂಕ ತೋರಿಸುತ್ತದೆ, ಕಂಪ್ಯೂಟರೇ ಬರೆದುಕೊಳ್ಳುತ್ತದೆ. ಆದರೂ ನಾನು ಒಂದು ನೋಟುಬುಕ್ಕಿನಲ್ಲಿ ಇನ್ನೊಮ್ಮೆ ಬರೆಯುತ್ತೇನೆ. ಲಾರಿ ಡ್ರೈವರುಗಳು ನನಗೆ ‘ಲೆಕ್ಕದ ಪಾದ್ರಿ’ ಎಂದು ಹೆಸರಿಟ್ಟಿದ್ದಾರೆ. ಲೆಕ್ಕದವನು ಹುಟ್ಟಿನಿಂದ. ಪಾದ್ರಿ ಎನ್ನುವುದಕ್ಕೂ ಕಾರಣವಿದೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಪ್ರಚಾರಕನಾಗಿ ಎರಡು ವರ್ಷಕ್ಕೆಂದು ಇಂಗ್ಲೆಂಡಿಗೆ ಹೋದೆ. ಅಪ್ಪ ಹೊಸಪೇಟೆ ಹತ್ತಿರದ ಟಿ.ಬಿ. ಡ್ಯಾಂನಲ್ಲಿ ಕಾಲುವೆ ಆಫೀಸಿನ ನೌಕರ. ನಾನು ಹುಟ್ಟುವ ಮೊದಲು, ಬೇರೆ ಊರಿನಲ್ಲಿ ಕೆಲಸಕ್ಕಿದ್ದಾಗ ಆ ಸಭೆಗೆ ಸೇರಿದರು; ಅಮ್ಮ ಅವರ ಹಿಂದೆ ಸೇರಿದಳು. ಕಂಪ್ಲಿಯಲ್ಲಿ ಚಿಕ್ಕಪ್ಪನ ಜೊತೆಗಿದ್ದ ಅಜ್ಜಿ ಮಾತ್ರ ಕೊರಳಿನ ಲಿಂಗ, ಹಣೆಯ ವಿಭೂತಿ, ಎರಡು ಎಮ್ಮೆ ಇವನ್ನು ಬಿಟ್ಟು ಎಲ್ಲಿಗೂ ಹೊರಡಲಿಲ್ಲ. ಹಾಗಂತ ಜಗಳವನ್ನೂ ಆಡಲಿಲ್ಲ. ಅಂಗಿಗೆ ಸಿಕ್ಕಿಸುವ ನನ್ನ ಕಪ್ಪು ಬಿಲ್ಲೆಯ ಮೇಲೆ ‘ಎಲ್ಡರ್’ ಎಂದು ಬರೆದಿದ್ದನ್ನು ತೋರಿಸಿ, ಹಾಗೆಂದರೆ ಹಿರಿಯ ಎಂದು ಹೇಳಿದಾಗ ನಕ್ಕಿದ್ದಳು.

“ಮೀಸಿ ಮೂಡಿಲ್ಲ, ಹಿರಿಯಾನಂತ! ಲೇ, ಅಲ್ಲಿ ನಿನಗ ಅನ್ನ ಮಾಡಾಕರ ಬರ್ತೈತೇನು?”

ಬರುತ್ತಿರಲಿಲ್ಲ. ಕಲಿತೆ. ದಿನಚರಿಯಲ್ಲಿ ಇದೆ: ಸೀದ ಅನ್ನ, ಮೊದಲ ತಿಂಗಳು ಹನ್ನೊಂದು ಸಲ.

ಅಲ್ಲಿಯ ದಿನವನ್ನು ನಿಮಗೆ ಒಮ್ಮೆ ಹೇಳಿಬಿಡುತ್ತೇನೆ; ಒಂದು ದಿನ ಹೇಳಿದರೆ ಏಳುನೂರು ದಿನ ಹೇಳಿದ ಹಾಗೆ. ಆರೂವರೆಗೆ ಏಳುವುದು. ಎಂಟರಿಂದ ಹತ್ತರವರೆಗೆ ಓದು. ಹತ್ತಕ್ಕೆ ಹೊರಗೆ. ಒಂದು ಬೀದಿಯ ಎಡಬದಿಯ ಬಾಗಿಲುಗಳೆಲ್ಲ, ಆಮೇಲೆ ಬಲಬದಿಯವು. ನನ್ನದು ಉತ್ತರದ ಒಂದು ಬಂದರು ಊರು. ಎಲ್ಲ ಮನೆಗಳೂ ಒಂದೇ ಇಟ್ಟಿಗೆಯವು, ಒಂದಕ್ಕೊಂದು ಅಂಟಿಕೊಂಡವು, ನಮ್ಮ ದೋಣಿಮಲೈ ಗಣಿಯ ಕ್ವಾರ್ಟರ್ಸುಗಳ ಹಾಗೆ. ಮಳೆ ಜೋರಾಗಿಯೂ ಬರುವುದಿಲ್ಲ, ನಿಲ್ಲುವುದೂ ಇಲ್ಲ. ರಾತ್ರಿ ಮಲಗುವ ಮೊದಲು ನಾಲ್ಕು ಕಾಲಮಿನ ಲೆಕ್ಕ: ತಟ್ಟಿದ ಬಾಗಿಲು, ತೆರೆದ ಬಾಗಿಲು, ಮಾತಾಡಿದವರು, ಇನ್ನೊಮ್ಮೆ ಬಾ ಎಂದವರು. ನಾಲ್ಕನೆಯ ಕಾಲಮಿನಲ್ಲಿ ಹೆಚ್ಚಾಗಿ ಒಂದು ಸೊನ್ನೆ. ನಾನು ಸೊನ್ನೆಯನ್ನು ಬಹಳ ದುಂಡಗೆ ಬರೆಯುತ್ತೇನೆ.

ಹಂಪಿಯ ಪಕ್ಕದಲ್ಲಿ ಬೆಳೆದವನು ನಾನು. ಬಾಲ್ಯವೆಲ್ಲ ಪರದೇಶದವರು ನಮ್ಮಲ್ಲಿಗೆ ಬರುತ್ತಿದ್ದರು, ನಾವು ಹಿಂದೆ ಓಡಿ ‘ಯಾವ ದೇಶ, ಯಾವ ದೇಶ’ ಎಂದು ಕೇಳುತ್ತಿದ್ದೆವು. ಅಲ್ಲಿ ನಾನೇ ಪರದೇಶದವನಾಗಿ ಬಾಗಿಲಲ್ಲಿ ನಿಂತಾಗ ಯಾರೂ ಕೇಳಲಿಲ್ಲ. ಒಂದು ಸಂಜೆ ಹೆಂಗಸೊಬ್ಬಳು ಬಾಗಿಲು ತೆರೆದವಳೇ ನನ್ನ ಕೈ ನೋಡಿದಳು. “ನಾವು ಹೋಟೆಲಿನಿಂದ ಊಟ ತರಿಸಿಲ್ಲ, ಪಕ್ಕದ ಮನೆಯವರದಿರಬೇಕು” ಎಂದಳು. ನಾನು ಥ್ಯಾಂಕ್ಸ್ ಹೇಳಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಹೇಗೂ ಮುಂದಿನ ಬಾಗಿಲು ಅದೇ ಆಗಿತ್ತು. ಅವರು ನಿಜವಾಗಿಯೂ ಊಟಕ್ಕೆ ಕಾಯುತ್ತಿದ್ದರು. ನನ್ನ ಕೈಯಲ್ಲಿ ಧರ್ಮಗ್ರಂಥ ನೋಡಿ ಅವರ ಮುಖ ಬಾಡಿದ್ದನ್ನು ನಾನು ಇನ್ನೂ ಮರೆತಿಲ್ಲ.

ಈ ಕತೆ ಅಜ್ಜಿಗೆ ತುಂಬ ಇಷ್ಟವಾಯಿತು. ಫೋನಿನಲ್ಲಿ ಕೇಳಿ, ಕೆಮ್ಮು ಬರುವವರೆಗೆ ನಕ್ಕಳು.

“ಖಾಲಿ ಕೈಲೆ ಯಾರ ಮನಿಗೂ ಹೋಗಬ್ಯಾಡ್ಲೇ. ಎರಡು ರೊಟ್ಟಿ ಕಟಗೊಂಡು ಹೋಗು. ರೊಟ್ಟಿ ತಿಂದ ಮ್ಯಾಲೆ ನಿಮ್ಮ ದೇವ್ರ ಮಾತು ಕೇಳ್ತಾರ.”

ಆ ಫೋನಿನ ವಿಷಯಕ್ಕೇ ಬರುತ್ತಿದ್ದೆ. ನಮಗೆ ವಾರದಲ್ಲಿ ಒಂದು ದಿನ ಬಿಡುವು, ಸೋಮವಾರ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಮನೆಗೆ ಫೋನು ಮಾಡುವುದು. ಅಜ್ಜಿ ಸೋಮವಾರ ಒಪ್ಪತ್ತು ಇರುವವಳು. ಫೋನು ಬರುವುದೂ ಸೋಮವಾರವೇ ಎಂದು ಕೇಳಿ ಅವಳಿಗೆ ಅರ್ಧ ಸಮಾಧಾನವಾಯಿತಂತೆ. “ಅವ್ರೂ ಸೋಮವಾರ ಹಿಡೀತಾರಲ್ಲ, ಸಾಕು ಬಿಡು” ಎಂದು ಅಮ್ಮನಿಗೆ ಹೇಳಿದಳಂತೆ. ಕಂಪ್ಲಿಯ ಮನೆಯ ಒಂದೇ ಫೋನು ಹಗಲೆಲ್ಲ ಚಿಕ್ಕಪ್ಪನ ಜೇಬಿನಲ್ಲಿ ಹೊಲದಲ್ಲಿರುತ್ತಿತ್ತು. ಅವತ್ತಿನಿಂದ ಪ್ರತಿ ಸೋಮವಾರ ಎಮ್ಮೆಗಳಿಗೆ ಮೇವು ಹಾಕಿ, ಮಧ್ಯಾಹ್ನದ ಬಸ್ಸಿಗೆ ಹೊಸಪೇಟೆಗೆ ಬರತೊಡಗಿದಳು. ಅಪ್ಪ ಬಸ್ ಸ್ಟ್ಯಾಂಡಿನಿಂದ ಸ್ಕೂಟರಿನಲ್ಲಿ ಡ್ಯಾಂ ಕ್ವಾರ್ಟರ್ಸಿಗೆ ಕರೆತರುತ್ತಿದ್ದರು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆದರೂ ಕಂಡಕ್ಟರು ಟಿಕೆಟ್ಟು ಹರಿದು ಕೊಡುತ್ತಾರೆ. “ಕಳೀಬ್ಯಾಡ್ರಿ ಅವ್ವಾ, ಚೆಕಿಂಗ್‌ನೋರು ಬರ್ತಾರ” ಎಂದು ಒಮ್ಮೆ ಯಾರೋ ಹೇಳಿದ್ದನ್ನು ಅಜ್ಜಿ ಗಟ್ಟಿಯಾಗಿ ಹಿಡಿದಳು. ಚೆಕಿಂಗ್‌ನವರು ಮನೆಗೂ ಬರಬಹುದು ಎಂದು ಅವಳ ಲೆಕ್ಕ. ಅದಕ್ಕೇ ಐದನೆಯ ಜೇಬು.

ನಾನು ಫೋನು ಮಾಡುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ. ಎಂಟರಿಂದ ಹತ್ತು ಓದಿನ ಹೊತ್ತು. ಬಿಡುವಿನ ದಿನ ಎಂದು ಅದನ್ನು ಬಿಡಬಾರದು ಎಂದು ನಾನೇ ನನಗೆ ಹಾಕಿಕೊಂಡ ಕಟ್ಟು. ನನ್ನ ಹತ್ತು ಅಂದರೆ ಇಲ್ಲಿ ಮಧ್ಯಾಹ್ನ ಎರಡೂವರೆ. ಅರ್ಧ ತಾಸು ಮಾತು, ಮೂರಕ್ಕೆ ಅಜ್ಜಿ ಎದ್ದು ಸ್ಕೂಟರು ಹತ್ತಿ ಮೂರೂಕಾಲಿನ ಕಂಪ್ಲಿ ಬಸ್ಸು ಹಿಡಿಯುವುದು. ಅದು ತಪ್ಪಿದರೆ ಮುಂದಿನ ಬಸ್ಸಿನಲ್ಲಿ ಕಾಲೇಜು ಹುಡುಗರು ತುಂಬಿರುತ್ತಾರೆ. ಅವಳಿಗೆ ಅಷ್ಟು ದೂರ ನಿಲ್ಲಲು ಆಗದು. ಎಮ್ಮೆಗಳೂ ಬೇರೆ ಕೈಗೆ ಹಾಲು ಕೊಡುತ್ತಿರಲಿಲ್ಲ. ಹದಿನೆಂಟು ಸೋಮವಾರ ಹೀಗೆ ನಡೆಯಿತು. ದಿನಚರಿಯಲ್ಲಿ ಹದಿನೆಂಟು ಸಲ ಇದೆ: ‘ಅಜ್ಜಿ ಹಾಜರು.’

ಅಕ್ಟೋಬರಿನ ಕೊನೆಗೆ ಆ ದೇಶದವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಇಡುತ್ತಾರೆ. ಚಳಿಗಾಲಕ್ಕೆ ಹಾಗೆ. ಭಾನುವಾರ ಬೆಳಿಗ್ಗೆ ಎದ್ದವನೇ ಸ್ಟೂಲು ಹತ್ತಿ ಗೋಡೆ ಗಡಿಯಾರದ ಮುಳ್ಳು ತಿರುಗಿಸಿದೆ. ಕೈಗಡಿಯಾರ ಸರಿಮಾಡಿಕೊಂಡೆ. ದಿನಚರಿಯಲ್ಲಿ ಬರೆದೆ. ಮರುದಿನ ಕರಾರುವಾಕ್ಕಾಗಿ ಹತ್ತಕ್ಕೆ ಫೋನು ಮಾಡಿದೆ. ಅಮ್ಮ ಎತ್ತಿದಳು.

“ಅಜ್ಜಿ ಹೋಗಿ ಅರ್ಧ ತಾಸಾತಲ್ಲೋ ತಮ್ಮಾ. ಯಾಕ ತಡಾ ಮಾಡ್ದಿ?”

“ತಡಾ ಎಲ್ಲಿ ಮಾಡೀನಮ್ಮ? ಸರಿಯಾಗಿ ಹತ್ತಕ್ಕ ಮಾಡೀನಿ.”

“ನಮ್ಮಲ್ಲಿ ಮೂರೂವರಿ ಆತಪ್ಪ.”

“ಇಲ್ಲಿ ಗಡಿಯಾರ ಬದ್ಲಿ ಆಗೈತಿ. ಇನ್ನ ಮ್ಯಾಲೆ ಮಾರ್ಚ್ ತನಕ ಮೂರೂವರಿಗೇ ಬರೋದು. ಮುಂದಿನ ವಾರದಿಂದ ಸ್ವಲ್ಪ ತಡಾ ಮಾಡಿ ಬಾ ಅಂತ ಅಜ್ಜಿಗೆ ಹೇಳು.”

“ಒಂದು ತಾಸು ಮೊದ್ಲ ಮಾಡಾಕ ಆಗಾಂಗಿಲ್ಲೇನು?”

“ಅದು ಓದೋ ಹೊತ್ತಮ್ಮ.”

“ಹೂಂ, ಹಂಗಾರ ಬಿಡಪ್ಪ” ಎಂದಳು. ಅಷ್ಟೇ. ನನ್ನ ಮಟ್ಟಿಗೆ ಆ ವಿಷಯ ಅಲ್ಲಿಗೆ ಮುಗಿಯಿತು.

ಆಗ ನನ್ನ ಜೊತೆಗಾರನಾಗಿದ್ದವನು ಎಲ್ಡರ್ ಟೌಫಾ, ಟೋಂಗಾ ದ್ವೀಪದ ದೊಡ್ಡ ದೇಹದ ಹುಡುಗ. ನಮ್ಮಲ್ಲಿ ಒಬ್ಬಂಟಿಯಾಗಿ ಇರುವಂತಿಲ್ಲ; ಜೊತೆಗಾರ ಯಾವಾಗಲೂ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿರಬೇಕು. ಇವನನ್ನು ಕಾಣದಿರುವುದು ಸಾಧ್ಯವೂ ಇರಲಿಲ್ಲ. ಅವನು ಲೆಕ್ಕ ಬರೆಯುತ್ತಿರಲಿಲ್ಲ. ಕಾಲುಚೀಲ ಕಳೆಯುತ್ತಿದ್ದ, ಬೀದಿಯ ಹೆಸರು ಮರೆಯುತ್ತಿದ್ದ. ಆದರೆ ಗಡಿಯಾರ ಬದಲಾದ ಮರುದಿನವೇ, ಯಾವಾಗಲೂ ಒಂಬತ್ತಕ್ಕೆ ಮಾಡುತ್ತಿದ್ದ ಫೋನನ್ನು ಎಂಟಕ್ಕೆ ಮಾಡಿದ.

“ಇದು ಓದುವ ಹೊತ್ತು” ಎಂದೆ.

“ನಮ್ಮಮ್ಮ ಹತ್ತಕ್ಕೆ ಮಲಗುತ್ತಾಳೆ” ಎಂದ. “ಅವಳ ಊರಲ್ಲಿ ಗಡಿಯಾರವನ್ನು ಯಾರೂ ಮುಟ್ಟಿಲ್ಲ.”

ಇದನ್ನೂ ಬರೆದಿದ್ದೇನೆ: ‘ಟೌಫಾ, ಓದಿಗೆ ಅಡ್ಡಿ, ನಲವತ್ತು ನಿಮಿಷ.’

ಮುಂದಿನ ಸೋಮವಾರ ಅಜ್ಜಿ ಇರಲಿಲ್ಲ. ಅದರ ಮುಂದಿನ ಸೋಮವಾರವೂ. ಮೂರನೆಯ ಸಲ ಕೇಳಿದೆ, ಅಮ್ಮ “ಆರಾಮ ಅದಾಳ” ಎಂದಳು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ನಾಲ್ಕಕ್ಕೇ ಕತ್ತಲಾಗುತ್ತಿದ್ದ ದಿನಗಳು ಅವು. ಕತ್ತಲಲ್ಲಿ ಬಾಗಿಲು ತಟ್ಟಿದರೆ ಜನ ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಪರದೆ ಎಳೆಯುತ್ತಾರೆ. ಪ್ರತಿ ವಾರ ಬರೆದೆ: ‘ಅಜ್ಜಿ ಗೈರು.’ ಬರೆಯುತ್ತಾ ಬರೆಯುತ್ತಾ ಒಂದು ಅನುಮಾನ ಗಟ್ಟಿಯಾಯಿತು. ಮೊಮ್ಮಗ ಬೇರೆ ದೇವರ ಬಿಲ್ಲೆ ಹಾಕಿಕೊಂಡು ಊರೂರು ತಿರುಗುವುದು ಅವಳಿಗೆ ಒಳಗೊಳಗೇ ಬೇಸರ ತಂದಿದೆ, ಮೊದಲಿನ ನಗುವೆಲ್ಲ ಮೇಲಿನದು, ಈಗ ಸೋಮವಾರವನ್ನು ತನ್ನ ಶಿವನಿಗೇ ವಾಪಸು ಕೊಟ್ಟಿದ್ದಾಳೆ ಎಂದು. ಹದಿನೈದು ಸಲ ‘ಗೈರು’ ಎಂದು ಬರೆದಿದ್ದೇನೆ. ಅಕ್ಷರಗಳು ಚೆನ್ನಾಗಿವೆ.

ಹದಿನೈದನೆಯದು ಬರೆದ ಮೂರು ದಿನಕ್ಕೆ, ಗುರುವಾರ, ನಮ್ಮ ಮೇಲಿನವರಿಂದ ಫೋನು ಬಂತು. ಅಜ್ಜಿ ಬೆಳಗಿನ ಜಾವ ಎಮ್ಮೆಯ ಕೊಟ್ಟಿಗೆಯಲ್ಲಿ ಕುಸಿದವಳು ಏಳಲಿಲ್ಲ. ಅವರು ಒಳ್ಳೆಯ ಮನುಷ್ಯ. “ಊರಿಗೆ ಹೋಗಿ ಬರಬೇಕೆಂದರೆ ಕಳಿಸುತ್ತೇವೆ. ಇಲ್ಲೇ ಇದ್ದು ಪ್ರಾರ್ಥಿಸುತ್ತೇನೆಂದರೆ ಅದೂ ಸರಿ. ನಿನ್ನ ಮನಸ್ಸು” ಎಂದರು.

ನಾನು ಹೋಗಲಿಲ್ಲ.

ಯಾಕೆ ಎಂದು ಆ ದಿನದ ಪುಟದಲ್ಲಿ ಹುಡುಕಿದರೆ ಸಿಗುವುದು ಇಷ್ಟು: ‘ಸೇವೆ ಮುಂದುವರಿಸಲು ನಿರ್ಧಾರ. ಮಧ್ಯಾಹ್ನ ತಟ್ಟಿದ ಬಾಗಿಲು ನಲವತ್ತೊಂದು, ತೆರೆದದ್ದು ಮೂರು.’ ಅದರಲ್ಲಿ ಬರೆಯದ ಒಂದು ಕಾರಣ ಇತ್ತು. ಹದಿನೈದು ವಾರ ನನ್ನ ಜೊತೆ ಮಾತಾಡಲು ಬರದವಳ ಮಣ್ಣಿಗೆ ನಾನು ಸಮುದ್ರ ದಾಟಿ ಹೋಗಬೇಕೇ ಎಂದು ಒಂದು ಕ್ಷಣ ಅನ್ನಿಸಿತ್ತು. ಒಂದೇ ಕ್ಷಣ. ಆದರೆ ನಿರ್ಧಾರ ಮಾಡಿದ್ದು ಆ ಕ್ಷಣದಲ್ಲೇ. ಟೌಫಾ ಅವತ್ತು ಮೂರೂ ಬಾಗಿಲಲ್ಲಿ ಒಬ್ಬನೇ ಮಾತಾಡಿದ. ಸಂಜೆ ಅವನೇ ಅನ್ನ ಮಾಡಿದ. ಸೀದಿರಲಿಲ್ಲ.

ಎರಡು ವರ್ಷ ಮುಗಿಸಿ ಬಂದು ಈಗ ಆರು ತಿಂಗಳು. ಬಿಲ್ಲೆ ತೆಗೆದಿಟ್ಟಾಯಿತು. ಅಭ್ಯಾಸ ಹೋಗಿಲ್ಲ. ಮೊದಲ ವಾರ ಹೊಸಪೇಟೆಗೆ ಒಬ್ಬನೇ ನಡೆದು ಹೊರಟವನು ನೂರು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ಜೊತೆಗಾರ ಎಲ್ಲಿ ಎಂದು ನೋಡುತ್ತಿದ್ದೆ. ಏನೋ ಮರೆತು ಬಂದೆನೆಂದು ಅರ್ಧ ದಾರಿಯಿಂದ ವಾಪಸು ಬಂದೆ. ಹಂಪಿಗೆ ಹೋಗಬೇಕೆನಿಸಿದಾಗ ಅಮ್ಮನನ್ನು ಕರೆದೆ. “ಇಪ್ಪತ್ತೆರಡು ವರ್ಷದ ಗಂಡಸು, ಹಂಪಿಗೆ ಹೋಗಾಕ ತಾಯಿ ಬೇಕೇನು?” ಎಂದು ನಕ್ಕರೂ ಬಂದಳು. ಕಲ್ಲಿನ ಮಂಟಪದಲ್ಲಿ ಕೂತು ಅವಲಕ್ಕಿ ತಿನ್ನುವಾಗ ಕೈಚೀಲದಿಂದ ಈ ಸಂಚಿ ತೆಗೆದು ಕೊಟ್ಟಳು. ಬಹಳ ದಿನದಿಂದ ಕೊಡಬೇಕೆಂದು ಇಟ್ಟುಕೊಂಡಿದ್ದಳಂತೆ; ಮನೆಯಲ್ಲಿ, ಅಪ್ಪನ ಮುಂದೆ ಆಗಿರಲಿಲ್ಲ.

ಅಲ್ಲೇ ಗಟ್ಟಿಯಾಗಿ ಎಣಿಸಿದೆ. ಹೋಗುವುದು ಒಂದು, ಬರುವುದು ಒಂದು, ಹದಿನೆಂಟು ಸೋಮವಾರಕ್ಕೆ ಮೂವತ್ತಾರು. ಇಲ್ಲಿ ಅರವತ್ತೈದು. ಬಹಳಷ್ಟು ಟಿಕೆಟ್ಟುಗಳ ಅಚ್ಚು ಅಳಿಸಿ ಹೋಗಿತ್ತು. ಆ ಕಾಗದದ ಗುಣವೇ ಹಾಗೆ. ಕೆಲವಕ್ಕೆ ಸುಣ್ಣ ಹತ್ತಿತ್ತು. ನಡುವಿನ ಒಂದನ್ನು ಬಿಸಿಲಿಗೆ ಹಿಡಿದಾಗ ತಾರೀಖು ಮಸುಕಾಗಿ ಕಂಡಿತು. ಡಿಸೆಂಬರಿನ ಒಂದು ಸೋಮವಾರ. ಹೊತ್ತು, ಮಧ್ಯಾಹ್ನ ಹನ್ನೆರಡು ಹತ್ತು.

“ಅಮ್ಮ, ಡಿಸೆಂಬರ್‌ನಾಗ ಅಜ್ಜಿ ಬರ್ತಿದ್ದಿಲ್ಲಲ್ಲ?”

ಅಮ್ಮ ಅವಲಕ್ಕಿಯ ಡಬ್ಬಿಯ ಮುಚ್ಚಳ ಹಾಕಿದಳು. “ಯಾವ ಸೋಮವಾರ ಬಂದಿಲ್ಲ ಆಕಿ? ಒಂದೂವರಿಗೆ ಬಂದು ಫೋನ್ ಮುಂದ ಇಟಗೊಂಡು ಕುಂದ್ರಾಕಿ. ಮೂರೂವರಿಗೆ ಬರ್ತೈತಿ ಅಂದ್ರೂ ‘ಇವತ್ತರ ಮೊದ್ಲ ಮಾಡ್ಯಾನು’ ಅನ್ನಾಕಿ, ಮೂರಾತಂದ್ರ ಏಳಾಕಿ. ‘ಇವತ್ತೂ ಕೆಲಸ ಇರಬೇಕು ಹುಡುಗಗ’ ಅನ್ನಾಕಿ. ತಡಾ ಮಾಡಿ ಬಾ ಅಂದ್ರ ಎಮ್ಮಿ ಯಾರು ಹಿಂಡ್ಬೇಕು?”

“ನನಗ ಯಾಕ ಹೇಳ್ಲಿಲ್ಲ?”

“ಹೇಳಿದ್ನಲ್ಲೋ, ಒಂದು ತಾಸು ಮೊದ್ಲ ಮಾಡು ಅಂತ. ಓದೋ ಹೊತ್ತು ಅಂದಿ. ನಿಮ್ಮಪ್ಪ ಅಂದ್ರು, ಅವನ ಸೇವಾಕ್ಕ ಅಡ್ಡ ಬರಬ್ಯಾಡ, ಮನಸ್ಸು ಕಲಕಬ್ಯಾಡ ಅಂತ. ಸುಮ್ಮನಾದೆ.” ಟಿಕೆಟ್ಟುಗಳ ಕಡೆ ನೋಡಿ, “ಎಷ್ಟು ಅಂದಿ, ಅರವತ್ತೈದಾ? ಅರವತ್ತಾರು ಇರಬೇಕಿತ್ತು. ಒಂದು ಸಲ ಚಿಕ್ಕಪ್ಪ ಬೈಕ್ ಮ್ಯಾಲೆ ಬಿಟ್ಟು ಹೋಗಿದ್ದ” ಎಂದಳು.

ಲೆಕ್ಕ ಸರಿಹೋಯಿತು. ನನ್ನ ಜೀವನದಲ್ಲಿ ಲೆಕ್ಕ ಸರಿಹೋಗಿ ಅಷ್ಟು ಕಷ್ಟವಾದದ್ದು ಅದೊಂದೇ ಸಲ.

ಆ ಹದಿನೈದು ಪುಟಗಳನ್ನು ತೆಗೆದು ‘ಗೈರು’ ಎಂಬುದನ್ನು ಹೊಡೆದುಹಾಕಬೇಕೆಂದು ಪೆನ್ನು ಹಿಡಿದೆ. ಆಗಲಿಲ್ಲ. ಆ ದಿನ ನಾನು ತಿಳಿದದ್ದನ್ನು ಆ ದಿನ ಬರೆದೆ. ಈಗ ಅಳಿಸಿದರೆ ಮೊದಲಿನಿಂದಲೂ ಒಳ್ಳೆಯವನಾಗಿದ್ದೆ ಎಂದು ತೋರಿಸಿಕೊಂಡ ಹಾಗೆ. ಅದರ ಬದಲು, ನನಗೆ ತಿಳಿಯಬೇಕಿದ್ದುದು ಒಂದಿತ್ತು. ನಾನು ಅಲ್ಲಿ ಹತ್ತಕ್ಕೆ ಫೋನಿನ ಗುಂಡಿ ಒತ್ತುವಾಗ ಅವಳು ಎಲ್ಲಿರುತ್ತಿದ್ದಳು? ಕಳೆದ ಸೋಮವಾರ ವೇ ಬ್ರಿಡ್ಜಿಗೆ ರಜೆ ಹಾಕಿ, ಸಂಚಿ ಹಿಡಿದುಕೊಂಡು ಮೂರೂಕಾಲಿನ ಕಂಪ್ಲಿ ಬಸ್ಸು ಹತ್ತಿದೆ.

ಬಸ್ಸು ಹೊರಟದ್ದು ಮೂರು ಹದಿನೇಳಕ್ಕೆ. ಊರು ದಾಟಿತು. ಮೂರೂವರೆಗೆ ಕಿಟಕಿಯ ಹೊರಗೆ ನೋಡಿದೆ. ಕಮಲಾಪುರ ಇನ್ನೂ ಬಂದಿರಲಿಲ್ಲ. ಎರಡೂ ಕಡೆ ಬಾಳೆ ತೋಟ, ಗಾಳಿಗೆ ಸೀಳಿದ ಎಲೆಗಳು, ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ದಾರಿ ಬಿಡದೆ ಹೋಗುತ್ತಿತ್ತು. ಬಸ್ಸು ಅದರ ಹಿಂದೆ ಎತ್ತಿನ ಬಂಡಿಯ ಹಾಗೆ ನಿಧಾನ. ಇಷ್ಟೇ. ಮನೆಯಿಂದ ಅರ್ಧ ತಾಸಿನ ದೂರ.

ಕಂಡಕ್ಟರು ಟಿಕೆಟ್ಟು ಕೊಡಲು ಬಂದವರು ನನ್ನ ತೊಡೆಯ ಮೇಲಿನ ಸಂಚಿ ನೋಡಿ ನಿಂತರು. ಐವತ್ತರ ಆಸುಪಾಸಿನವರು.

“ಇದು ಗೌರಮ್ಮಜ್ಜಿ ಸಂಚಿ ಅಲ್ಲೇನ್ರಿ? ಆ ಕೆಂಪು ತ್ಯಾಪಿ ನೋಡಿದ ಕೂಡ್ಲೇ ಗುರ್ತು ಹಿಡದೆ. ಎಷ್ಟು ಎಲಿ ತಿನ್ಸ್ಯಾರ ನನಗ!”

ನಮ್ಮ ಅಜ್ಜಿ ಎಂದೆ.

“ಹಂಗಾರ ಇಂಗ್ಲೆಂಡಿನ್ಯಾಗ ಇದ್ದ ಮೊಮ್ಮಗ ನೀವೇನ?” ಅವರು ಪಕ್ಕದ ಸೀಟಿನಲ್ಲಿ ಕೂತೇ ಬಿಟ್ಟರು. “ಸೋಮವಾರ ಬಂತಂದ್ರ ನಾನ ಕೇಳ್ತಿದ್ದೆ, ಏನಂದ ಅಜ್ಜಿ ಮೊಮ್ಮಗ ಅಂತ. ಯಾರದೋ ಮನಿಗೆ ನೀವು ಊಟ ತಂದೀರಿ ಅಂತ ತಿಳಕೊಂಡ್ರಂತಲ್ಲ? ಭಾಳ ನಗ್ತಿದ್ರು. ಚಳಿಗಾಲದಾಗ ಅಂತೂ ವಾರಾವಾರ ಅದನ್ನ ಹೇಳೋರು. ಒಂದು ವಾರ ನಿಮ್ಮನ್ನ ಒಳಗ ಕರದು ಚಹಾ ಕೊಟ್ರು ಅಂದ್ರು. ಮುಂದಿನ ವಾರ ರೊಟ್ಟಿ ಮಾಡಿ ಹಾಕಿದ್ರು ಅಂದ್ರು. ವಯಸ್ಸಾತು, ಹೇಳಿದ್ದು ಮರ್ತು ಹೇಳ್ತಾರ ಅಂತ ನಾವು ಸುಮ್ನ ಕೇಳಿಸ್ಕೊಂತಿದ್ವಿ.”

ನಾನು ಕಿಟಕಿಯ ಕಡೆ ತಿರುಗಿದೆ. ಟ್ರ್ಯಾಕ್ಟರು ಇನ್ನೂ ದಾರಿ ಬಿಟ್ಟಿರಲಿಲ್ಲ.

“ಅಲ್ರಿ” ಎಂದರು ಅವರು, “ಅಷ್ಟು ದೂರ ಇದ್ರೂ ನೀವು ಒಂದು ವಾರನೂ ಅಜ್ಜಿ ಜೋಡಿ ಮಾತು ತಪ್ಪಿಸ್ಲಿಲ್ಲಂತಲ್ಲ? ನಮ್ಮ ಹುಡುಗ ಬಳ್ಳಾರ್‍ಯಾಗ ಅದಾನ, ಹಬ್ಬಕ್ಕೊಮ್ಮಿನೂ ಫೋನ್ ಮಾಡಂಗಿಲ್ಲ. ಅಜ್ಜಿ ಹೇಳಿದ್ದು ಖರೇನ?”

ಎರಡು ವರ್ಷ ನಾನು ಬಾಗಿಲು ಬಾಗಿಲಿಗೆ ಹೋಗಿ, ಸುಳ್ಳು ಹೇಳಬಾರದು ಎಂದು ಹೇಳಿ ಬಂದವನು.

“ಹೌದ್ರಿ” ಎಂದೆ. “ಒಂದು ವಾರನೂ ತಪ್ಪಿಸಿಲ್ಲ.”

“ಪುಣ್ಯವಂತ್ರು ಬಿಡ್ರಿ” ಎಂದು ಟಿಕೆಟ್ಟು ಹರಿದು ಕೈಗಿಟ್ಟು, ಏಳುತ್ತಾ ರೂಢಿಯ ಮೇಲೆ “ಕಳೀಬ್ಯಾಡ್ರಿ” ಎಂದರು.

ಅಂದಿನ ದಿನಚರಿಯಲ್ಲಿ ಬಸ್ಸು ಬಿಟ್ಟ ಹೊತ್ತು, ಮೂರೂವರೆಗೆ ಅದು ಇದ್ದ ಜಾಗ, ಕಂಪ್ಲಿ ಮುಟ್ಟಿದ ಹೊತ್ತು ಬರೆದೆ. ಕೆಳಗೆ ‘ಸುಳ್ಳು, ಒಂದು’ ಎಂದು ಬರೆದೆ. ಟಿಕೆಟ್ಟನ್ನು ಐದನೆಯ ಜೇಬಿನಲ್ಲಿಟ್ಟೆ. ಈಗ ಅರವತ್ತಾರು.